ದುಡಿಮೆಯ ವೇಳೆ, ಪರೀಕ್ಷೆಯ ವೇಳೆ: ದುರ್ಗದಬೈಲ್ ಮತ್ತು ಪತ್ತೆಯಾಗದ ಎಚ್‌ಐವಿ

ಪೀಠಿಕೆ

2023ರ ಅಂದಾಜಿನಂತೆ ಭಾರತದಲ್ಲಿ 25 ಲಕ್ಷಕ್ಕೂ ಹೆಚ್ಚು ಎಚ್‌ಐವಿ ಸೋಂಕಿತರಿದ್ದಾರೆ. ಸೋಂಕು ತಗಲಿರುವುದು ಗೊತ್ತಿರುವವರು ಅವರಲ್ಲಿ ಶೇ. 81ರಷ್ಟು ಮಾತ್ರ. 2025ರೊಳಗೆ ಇದು ಶೇ. 95 ಮುಟ್ಟಬೇಕೆಂಬುದು ವಿಶ್ವಸಂಸ್ಥೆಯ ಗುರಿಯಾಗಿತ್ತು. ಚಿಕಿತ್ಸೆ ಪಡೆಯುತ್ತಿರುವ ಬಹುತೇಕರಲ್ಲಿ ವೈರಾಣು ಹತೋಟಿಯಲ್ಲಿರುವುದರಿಂದ ಈಗಿನ ದೊಡ್ಡ ಕೊರತೆ ಪತ್ತೆಯದೇ. ಅದನ್ನು ಜಿಲ್ಲಾವಾರು ಅಳೆಯುವುದು ರೂಢಿ. ಹುಬ್ಬಳ್ಳಿಯ ಮಾರುಕಟ್ಟೆ ಪ್ರದೇಶವಾದ ದುರ್ಗದಬೈಲನ್ನು ಮುಂದಿಟ್ಟುಕೊಂಡು ನೋಡಿದರೆ, ಆ ಅಳತೆಗೆ ದುಡಿಮೆ, ಲಿಂಗ ಮತ್ತು ವೇಳೆಯನ್ನೂ ಸೇರಿಸಬೇಕು ಎಂಬುದು ಈ ಲೇಖನದ ವಾದ.

ಪ್ರದೇಶ

ಕರ್ನಾಟಕದಲ್ಲಿ ಸೋಂಕು ಎಲ್ಲೆಡೆ ಒಂದೇ ಸಮ ಹರಡಲಿಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ರಾಜ್ಯದ 15ರಿಂದ 49 ವರ್ಷದವರಲ್ಲಿ ಶೇ. 0.69 ಸೋಂಕು ಕಂಡಿತು. ಅದಕ್ಕೂ ಮೊದಲು ಬಾಗಲಕೋಟೆ ಜಿಲ್ಲೆಯಲ್ಲಿ ಭಾರತ-ಕೆನಡಾ ಸಹಯೋಗದ ಎಚ್‌ಐವಿ ಯೋಜನೆ ನಡೆಸಿದ ಸಮುದಾಯ ಸಮೀಕ್ಷೆಯಲ್ಲಿ ಆ ಪ್ರಮಾಣ ಶೇ. 3ರ ಸಮೀಪವಿತ್ತು. ಒಂದೇ ಜಿಲ್ಲೆಯೊಳಗೆ ತಾಲ್ಲೂಕಿನಿಂದ ತಾಲ್ಲೂಕಿಗೂ ಬಹಳ ವ್ಯತ್ಯಾಸವಿತ್ತು. ರಾಜ್ಯದ ಸರಾಸರಿಯನ್ನಷ್ಟೇ ನೋಡಿದ್ದರೆ ಆ ಜಿಲ್ಲೆಯ ಸಂಕಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಸೀಮೆಯ ಜನ ವ್ಯಾಪಾರಕ್ಕೆ, ಆಸ್ಪತ್ರೆಗೆ, ಕೂಲಿಗೆ ಬರುವ ದೊಡ್ಡ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಹೀಗಾಗಿ ನಗರದ ಪತ್ತೆ ಕಾರ್ಯವನ್ನು ಧಾರವಾಡ ಜಿಲ್ಲೆಯ ಗಡಿಯೊಳಗಷ್ಟೇ ಯೋಜಿಸಿದರೆ ಸಾಲದು.

ಜನವರ್ಗ

ಗರ್ಭಿಣಿ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿದಾಗ ಕೈಗೆ ತಾಯಿ ಕಾರ್ಡ್ ಬರುತ್ತದೆ. ಹಿಮೋಗ್ಲೋಬಿನ್, ರಕ್ತದ ಗುಂಪು ಇತ್ಯಾದಿ ತಪಾಸಣೆಗಳ ಜೊತೆ ಎಚ್‌ಐವಿ ಪರೀಕ್ಷೆಯೂ ಆಗುತ್ತದೆ. ಗಂಡನಿಗೆ ಅಂಥ ಕಾರ್ಡೂ ಇಲ್ಲ, ವಾಡಿಕೆಯ ತಪಾಸಣೆಯೂ ಇಲ್ಲ. ಲೈಂಗಿಕ ವೃತ್ತಿಯ ಮಹಿಳೆಯರು, ಲೈಂಗಿಕ ಅಲ್ಪಸಂಖ್ಯಾತರು ಮೊದಲಾದವರಿಗೆ ರಾಷ್ಟ್ರೀಯ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಪರೀಕ್ಷೆಯ ವ್ಯವಸ್ಥೆಯಿದೆ. ಲಾರಿ ಚಾಲಕರಿಗೂ ವಲಸೆ ಕಾರ್ಮಿಕರಿಗೂ ಪ್ರತ್ಯೇಕ ಯೋಜನೆಗಳಿವೆ. ಈ ಯಾವ ಪಟ್ಟಿಗೂ ಸೇರದ ದುಡಿಯುವ ಗಂಡಸು, ಗರ್ಭಿಣಿಯಾಗುವ ವಯಸ್ಸು ದಾಟಿದ ಹೆಂಗಸು, ಗಂಡನನ್ನು ಕಳೆದುಕೊಂಡವಳು ಹೊರಗುಳಿಯುತ್ತಾರೆ. ಜಗತ್ತಿನಾದ್ಯಂತ ಇದೇ ಅಂತರವಿದೆ: 2023ರಲ್ಲಿ ಸೋಂಕಿತ ಮಹಿಳೆಯರಲ್ಲಿ ಸುಮಾರು ಶೇ. 91, ಪುರುಷರಲ್ಲಿ ಸುಮಾರು ಶೇ. 83 ಮಂದಿಗೆ ತಮ್ಮ ಸ್ಥಿತಿ ತಿಳಿದಿತ್ತು.

ವೇಳೆ

ದುರ್ಗದಬೈಲ್‌ನಲ್ಲಿ ಬಟ್ಟೆ ಅಂಗಡಿಯ ಕೆಲಸಗಾರರು, ಹಮಾಲರು, ತರಕಾರಿ ಮಾರುವವರು ಹಗಲಿಡೀ ದುಡಿಯುತ್ತಾರೆ. ಸಂಜೆಯಾದರೆ ಗಿರ್ಮಿಟ್, ಮಿರ್ಚಿ, ದೋಸೆಯ ಗಾಡಿಗಳ ಸುತ್ತ ಜನ ನೆರೆಯುತ್ತಾರೆ. ಪರೀಕ್ಷೆ, ಆಪ್ತಸಮಾಲೋಚನೆ, ವೈರಾಣುವನ್ನು ಹತೋಟಿಯಲ್ಲಿಡುವ ಎಆರ್‌ಟಿ ಚಿಕಿತ್ಸೆ ಎಲ್ಲವೂ ಉಚಿತವಾಗಿ ಸಿಗುವ, ಕಿಮ್ಸ್ ಎಂದೇ ಪರಿಚಿತವಾದ ಸರ್ಕಾರಿ ಆಸ್ಪತ್ರೆ ಇದೇ ಊರಿನ ವಿದ್ಯಾನಗರದಲ್ಲಿದೆ. ದೂರ ಹೆಚ್ಚಿಲ್ಲ. ಆದರೆ ಹೊರರೋಗಿ ವಿಭಾಗದ ವೇಳೆಯೇ ಇವರ ದುಡಿಮೆಯ ವೇಳೆ. ಸರದಿಯಲ್ಲಿ ನಿಂತರೆ ಅಂದಿನ ಕೂಲಿ ಹೋಗುತ್ತದೆ. ಮೈಯಲ್ಲಿ ಯಾವ ತೊಂದರೆಯೂ ಕಾಣದಿದ್ದಾಗ ಅದಕ್ಕೆ ಮನಸ್ಸು ಮಾಡುವವರು ಕಡಿಮೆ. ರೋಗ ಕಾಣಿಸಿಕೊಂಡ ಮೇಲೆ ಬಂದಾಗ ರೋಗನಿರೋಧಕ ಸಿಡಿ4 ಕಣಗಳು ರಕ್ತದ ಪ್ರತಿ ಘನ ಮಿಲಿಮೀಟರಿಗೆ 200ಕ್ಕಿಂತ ಕೆಳಗಿಳಿದಿದ್ದರೆ ಕ್ಷಯದಂಥ ಸೋಂಕುಗಳ ಅಪಾಯ ಹೆಚ್ಚು.

ಪ್ರಾಥಮಿಕ ತಪಾಸಣೆಗೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಕೆಲವೇ ನಿಮಿಷಗಳಲ್ಲಿ ಫಲಿತಾಂಶ ತಿಳಿಯುತ್ತದೆ. ಸೋಂಕಿನ ಸೂಚನೆ ಬಂದರೆ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ಮೂರು ಬೇರೆ ಬೇರೆ ಕಿಟ್‌ಗಳಿಂದ ಖಚಿತಪಡಿಸುತ್ತಾರೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯಂತೆ ವ್ಯಕ್ತಿಯ ಒಪ್ಪಿಗೆ ಮತ್ತು ಗೋಪ್ಯತೆ ಕಡ್ಡಾಯ. ಪರೀಕ್ಷೆಯನ್ನು ಕೆಲಸಕ್ಕೆ ಷರತ್ತಾಗಿಸುವಂತಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಮಾರುಕಟ್ಟೆಯಲ್ಲಿ ಗೋಪ್ಯತೆಯ ಭರವಸೆ ಸಿಗದೆ ಯಾರೂ ಕೈ ಚಾಚುವುದಿಲ್ಲ. ಆದ್ದರಿಂದ ಮಾರುಕಟ್ಟೆಯಲ್ಲೇ ಸಂಜೆ ವೇಳೆ ಬಿಪಿ, ಸಕ್ಕರೆ ತಪಾಸಣೆಯ ಜೊತೆಗೇ, ಪರದೆಯ ಮರೆಯಲ್ಲಿ ಎಚ್‌ಐವಿ ಪರೀಕ್ಷೆಗೂ ಅವಕಾಶ ಕೊಡುವುದು ಸೂಕ್ತ.

ಉಪಸಂಹಾರ

ಮೂರು ಕೆಲಸ ಆಗಬೇಕು. ಮಾರುಕಟ್ಟೆಗಳಲ್ಲಿ ಸಂಜೆಯ ತಪಾಸಣಾ ಶಿಬಿರಗಳು ನಿಯಮಿತವಾಗಿ ನಡೆಯಬೇಕು. ತಾಯಿ ಕಾರ್ಡ್ ನೋಂದಣಿಯ ದಿನವೇ ಗಂಡನಿಗೂ ಪರೀಕ್ಷೆಯ ಆಹ್ವಾನ ಹೋಗಬೇಕು. ಪತ್ತೆಯಾದವರ ಲಿಂಗ, ವಯಸ್ಸು, ಉದ್ಯೋಗ ಮತ್ತು ಮೊದಲ ಸಿಡಿ4 ಎಣಿಕೆಯನ್ನು ಹೆಸರಿಲ್ಲದೆ ಪ್ರತಿವರ್ಷ ಪ್ರಕಟಿಸಬೇಕು; ಯಾರು ತಡವಾಗಿ ಬರುತ್ತಿದ್ದಾರೆಂಬುದು ಆಗಲೇ ತಿಳಿಯುತ್ತದೆ. ಸೋಂಕು ಪತ್ತೆಯಾದ ಎಲ್ಲರಿಗೂ ಕೂಡಲೇ ಚಿಕಿತ್ಸೆ ಎಂಬ ನೀತಿ ದೇಶದಲ್ಲಿ 2017ರಿಂದ ಇದೆ. ಮಾತ್ರೆ ಉಚಿತವಾಗಿ ಸಿಗುವ ಊರಿನಲ್ಲೇ ಒಬ್ಬ ಹಮಾಲ ಸೋಂಕು ಗೊತ್ತಾಗದೆ ಸಾಯುವುದಾದರೆ ಅದು ವ್ಯವಸ್ಥೆಯ ಲೋಪ, ಅವನದಲ್ಲ.