ಮಸೂದೆ ವಾಚನ: ಮತಕ್ಕೆ ಮುನ್ನ ಓದುವ ಕಟ್ಟಳೆಯ ಇತಿಹಾಸ

ಮಸೂದೆಯಲ್ಲಿ ಏನಿದೆ ಎಂದು ತಿಳಿದೇ ಶಾಸಕರು ಮತ ಹಾಕಬೇಕೆಂಬ ಕಟ್ಟಳೆ ಬೇರುಬಿಟ್ಟದ್ದು ಇಂಗ್ಲೆಂಡಿನ ಸಂಸತ್ತಿನಲ್ಲಿ. 16ನೇ ಶತಮಾನದ ಹೊತ್ತಿಗೆ ಅಲ್ಲಿ ಪ್ರತಿ ಮಸೂದೆಗೂ ಮೂರು ವಾಚನಗಳ ಕ್ರಮ ನೆಲೆಯೂರಿತ್ತು. ಸದಸ್ಯರಿಗೆಲ್ಲ ಹಂಚಲು ಅಚ್ಚಾದ ಪ್ರತಿಗಳಿರಲಿಲ್ಲ. ಕೈಬರಹದ ಪ್ರತಿಯನ್ನು ಸದನದ ಗುಮಾಸ್ತ ಗಟ್ಟಿಯಾಗಿ ಓದುತ್ತಿದ್ದ, ಸ್ಪೀಕರ್ ತಮ್ಮ ಕೈಲಿದ್ದ ಸಾರಾಂಶ ನೋಡಿ ತಿರುಳನ್ನು ವಿವರಿಸುತ್ತಿದ್ದರು. ಕಾನೂನು ಸದಸ್ಯರನ್ನು ತಲುಪುತ್ತಿದ್ದದ್ದು ಕಿವಿಯ ಮೂಲಕ. 18ನೇ ಶತಮಾನದಲ್ಲಿ ಮಸೂದೆಗಳನ್ನು ಮುದ್ರಿಸುವುದು ರೂಢಿಯಾದ ಮೇಲೆ ಪೂರ್ತಿ ಓದುವ ಅಗತ್ಯ ಕಡಿಮೆಯಾಯಿತು. ಕ್ರಮೇಣ ಶೀರ್ಷಿಕೆ ಓದಿದರೆ ಸಾಕು ಎಂಬಲ್ಲಿಗೆ ಬಂತು.

ಅಮೆರಿಕದ ಹಲವು ರಾಜ್ಯಗಳ ಸಂವಿಧಾನಗಳು ಮಾತ್ರ ಹಳೆಯ ಕಟ್ಟಳೆಯನ್ನು ಬಿಡಲಿಲ್ಲ. ಅದು ಎಂಥ ಇಕ್ಕಟ್ಟಿಗೆ ಸಿಕ್ಕಬಹುದೆಂಬುದಕ್ಕೆ ಕೊಲರಾಡೊ ಸಾಕ್ಷಿ. 2019ರ ಮಾರ್ಚಿನಲ್ಲಿ ಅಲ್ಲಿನ ಸೆನೆಟ್‌ನ ಅಲ್ಪಸಂಖ್ಯಾತ ರಿಪಬ್ಲಿಕನ್ನರು 2,023 ಪುಟಗಳ ಮಸೂದೆಯೊಂದನ್ನು ಪೂರ್ತಿ ಓದಿಸಬೇಕೆಂದು ಪಟ್ಟು ಹಿಡಿದರು. ಅದರಲ್ಲಿ ವಿವಾದದ್ದೇನೂ ಇರಲಿಲ್ಲ, ಬೇರೆ ಮಸೂದೆಗಳನ್ನು ನಿಧಾನಗೊಳಿಸುವುದು ಅವರ ಉದ್ದೇಶ. ಬಹುಮತದ ಪಕ್ಷ ಹಲವು ಕಂಪ್ಯೂಟರ್‌ಗಳನ್ನಿಟ್ಟು, ಬೇರೆ ಬೇರೆ ಭಾಗಗಳನ್ನು ಏಕಕಾಲಕ್ಕೆ, ನಿಮಿಷಕ್ಕೆ ಸುಮಾರು 650 ಪದಗಳ ವೇಗದಲ್ಲಿ ಓದಿಸಿತು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಅರ್ಥವಾಗದ ಸದ್ದು ವಾಚನವಾಗದು ಎಂದು 2021ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಸೆನೆಟರ್ ರಾನ್ ಜಾನ್ಸನ್ ಕೋವಿಡ್ ಪರಿಹಾರದ 628 ಪುಟಗಳ ಮಸೂದೆಯನ್ನು ಗುಮಾಸ್ತರಿಂದ ಓದಿಸಿದರು. 10 ತಾಸಿಗೂ ಮಿಕ್ಕಿ ಹಿಡಿಯಿತು. ಕೇಳಿಸಿಕೊಳ್ಳಲು ಸದನದಲ್ಲಿ ಹೆಚ್ಚು ಜನರಿರಲಿಲ್ಲ.

ಗಟ್ಟಿಯಾಗಿ ಓದಿಸುವುದು ಹೀಗೆ ತಡೆಯೊಡ್ಡುವ ತಂತ್ರವಾಗಿ ಉಳಿದರೂ ಅದರ ಹಿಂದಿನ ಬೇಡಿಕೆ ಹುಸಿಯಲ್ಲ. ಭಯೋತ್ಪಾದನೆ ತಡೆಗೆಂದು ಅಮೆರಿಕ ತಂದ 2001ರ ಪೇಟ್ರಿಯಟ್ ಕಾಯ್ದೆಯ ಅಂತಿಮ ರೂಪ ಅಕ್ಟೋಬರ್ 23ರಂದು ಮಂಡನೆಯಾಗಿ, ಮರುದಿನ ಕೆಳಮನೆಯಲ್ಲಿ 357–66 ಮತಗಳಿಂದಲೂ, ಅದರ ಮರುದಿನ ಸೆನೆಟ್‌ನಲ್ಲಿ 98–1 ಮತಗಳಿಂದಲೂ ಅಂಗೀಕಾರವಾಯಿತು. ವಿರೋಧಿಸಿದ ಒಬ್ಬರೇ ಸೆನೆಟರ್ ರಸ್ ಫೈನ್‌ಗೋಲ್ಡ್. ಸಾವಿರ ಪುಟಗಳನ್ನು ಓದಿ ಅರ್ಥಮಾಡಿಕೊಳ್ಳಲು ಎರಡು ದಿನ, ಇಬ್ಬರು ವಕೀಲರು ಬೇಕಲ್ಲವೇ ಎಂದು 2009ರಲ್ಲಿ ಸಂಸದ ಜಾನ್ ಕಾನ್ಯರ್ಸ್ ಕೇಳಿದ್ದರು. ಬೇಕಿದ್ದರೆ ಕೊಡಬೇಕು. ಓದಲಾಗದ ಅವಧಿ ನಿಗದಿಮಾಡಿ, ಓದಲಾಗದು ಎಂಬುದನ್ನೇ ನೆಪವಾಗಿಸುವುದು ಒಪ್ಪತಕ್ಕದ್ದಲ್ಲ. ಕ್ಯಾಲಿಫೋರ್ನಿಯಾದ ಮತದಾರರು 2016ರಲ್ಲಿ ಕಂಡುಕೊಂಡ ದಾರಿ ಸರಳ: ಮತಕ್ಕೆ 72 ತಾಸು ಮೊದಲೇ ಅಂತಿಮ ಪಠ್ಯ ಅಂತರ್ಜಾಲದಲ್ಲಿ ಪ್ರಕಟವಾಗಬೇಕು.

ಭಾರತದಲ್ಲಿ ವಾಚನಗಳು ಮೂರೇ: ಮಂಡನೆ, ಖಂಡವಾರು ಪರ್ಯಾಲೋಚನೆ, ಅಂಗೀಕಾರ. ಮೈಸೂರು ಸಂಸ್ಥಾನದಲ್ಲಿ ಇದಕ್ಕೂ ಹಿಂದಿನ ಒಂದು ಮೆಟ್ಟಿಲಿತ್ತು. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಗೆ 1923ರಲ್ಲಿ ಶಾಸನದ ಮಾನ್ಯತೆ ದೊರೆತು, ಮಸೂದೆಗಳು ನ್ಯಾಯವಿಧಾಯಕ ಸಭೆಗೆ ಹೋಗುವ ಮೊದಲೇ ಅವುಗಳ ಮೂಲ ತತ್ವಗಳ ಬಗ್ಗೆ ಅದರ ಅಭಿಪ್ರಾಯ ಕೇಳಬೇಕಾಯಿತು.

ಓದಿದರೂ ತಿಳಿಯುವುದು ಸುಲಭವಲ್ಲ. ವಿಧಾನಸೌಧದಲ್ಲಿ ಮಂಡನೆಯಾಗುವ ತಿದ್ದುಪಡಿ ವಿಧೇಯಕ ಇಂಥ ಪದಗಳಿಗೆ ಬದಲಾಗಿ ಇಂಥ ಪದಗಳನ್ನು ಪ್ರತಿಯೋಜಿಸತಕ್ಕದ್ದು ಎನ್ನುತ್ತದೆ. ಮೂಲ ಅಧಿನಿಯಮ ಪಕ್ಕದಲ್ಲಿಲ್ಲದಿದ್ದರೆ ಅರ್ಥ ಕೈಗೆ ಹತ್ತದು. ಮಸೂದೆಗಳನ್ನು ಹೀಗೆ ಬಿಡಿಸಿ ಪರಿಶೀಲಿಸಲು ನೆರವಾಗುವಂತೆ ಸಂಸತ್ತು 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ರಚಿಸಿತು. 15ನೇ ಲೋಕಸಭೆಯ ಕಾಲದಲ್ಲಿ ಸುಮಾರು ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು; 17ನೇ ಲೋಕಸಭೆಯಲ್ಲಿ ಆ ಪ್ರಮಾಣ ಸುಮಾರು ಶೇ 16ಕ್ಕೆ ಕುಸಿಯಿತು. ಇನ್ನೊಂದು ಅಡ್ಡಿ 1985ರ ಪಕ್ಷಾಂತರ ನಿಷೇಧ ಕಾಯ್ದೆ. ವಿಪ್ ಮೀರಿದರೆ ಸದಸ್ಯತ್ವವೇ ಹೋಗುವಾಗ, ಓದಿ ಭಿನ್ನ ನಿಲುವು ತಳೆದ ಸದಸ್ಯನಿಗೂ ಪಕ್ಷ ಹೇಳಿದಂತೆ ಮತ ಹಾಕದೆ ವಿಧಿಯಿಲ್ಲ.

ಓದದ ಕಾನೂನಿನ ಬೆಲೆ ತೆರುವವರು ಸಾಮಾನ್ಯ ಜನ. 2008ರ ಡಿಸೆಂಬರಿನಲ್ಲಿ, ಮುಂಬೈ ದಾಳಿಯ ಬೆನ್ನಿಗೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿ ಲೋಕಸಭೆಯಲ್ಲಿ ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಅದರೊಳಗಿನ 66ಎ ಪ್ರಕರಣ, ತೀವ್ರ ಆಕ್ಷೇಪಾರ್ಹ ಎನಿಸಿದ ಆನ್‌ಲೈನ್ ಸಂದೇಶಕ್ಕೆ ಮೂರು ವರ್ಷದವರೆಗೆ ಜೈಲು ವಿಧಿಸುತ್ತಿತ್ತು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಪ್ರಶ್ನಿಸಿದ ಫೇಸ್‌ಬುಕ್ ಬರಹಕ್ಕಾಗಿ ಇಬ್ಬರು ಯುವತಿಯರ ಬಂಧನವಾಯಿತು. ಸುಪ್ರೀಂ ಕೋರ್ಟ್ 66ಎ ಪ್ರಕರಣವನ್ನು ರದ್ದುಗೊಳಿಸಿದ್ದು 2015ರ ಮಾರ್ಚ್ 24ರಂದು.

ಇಂಥ ಅವಸರ ಆಮೇಲೂ ನಿಲ್ಲಲಿಲ್ಲ. ಕೃಷಿ ಕಾಯ್ದೆಗಳ ರದ್ದತಿ ಮಸೂದೆ 2021ರ ನವೆಂಬರ್ 29ರಂದು ಚರ್ಚೆಯಿಲ್ಲದೆ ನಿಮಿಷಗಳಲ್ಲಿ ಮುಗಿಯಿತು. ಭಾರತೀಯ ನ್ಯಾಯ ಸಂಹಿತೆ ಸೇರಿದ ಮೂರು ಅಪರಾಧ ಮಸೂದೆಗಳು 2023ರ ಆಗಸ್ಟಿನಲ್ಲಿ ಮಂಡನೆಯಾಗಿ ಸ್ಥಾಯಿ ಸಮಿತಿಯ ಪರಿಶೀಲನೆ ಕಂಡವು. ಆದರೆ ಅವುಗಳ ಪರಿಷ್ಕೃತ ರೂಪ ಡಿಸೆಂಬರ್ 12ರಂದು ಬಂದು, 20 ಮತ್ತು 21ರಂದು ಎರಡೂ ಸದನಗಳನ್ನು ದಾಟಿತು. ಆ ಅಧಿವೇಶನದಲ್ಲಿ 146 ವಿರೋಧಪಕ್ಷದ ಸಂಸದರು ಅಮಾನತುಗೊಂಡಿದ್ದರು.