ಮನೆಮಾತಲ್ಲದ ಕನ್ನಡ: ನಮ್ಮನ್ನು ತಿದ್ದಿದ ನಾಲ್ವರು

ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲೆಗೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವಾಗ, ಅರ್ಜಿಯ ಒಂದು ಅಂಕಣದ ಬಳಿ ನಮ್ಮ ಲೇಖನಿ ತಡೆದು ನಿಲ್ಲುವುದುಂಟು. ‘ಮಾತೃಭಾಷೆ’ ಎಂಬುದೇ ಆ ಅಂಕಣ. ಮಗುವಿನ ತಂದೆ ಎದುರಿಗೆ ನಿಂತು, “ಇಲ್ಲಿ ಎಂತ ಬರೆಯುವುದು ಮಾಸ್ಟ್ರೇ? ಮನೆಯಲ್ಲಿ ನಾವು ತುಳು ಮಾತಾಡುವುದಲ್ಲವಾ?” ಎನ್ನುತ್ತಾನೆ. ಕೊಂಕಣಿಯವರೂ ಮರಾಟಿಯವರೂ ಬ್ಯಾರಿ ಮಾತಿನವರೂ ಇದೇ ಪ್ರಶ್ನೆಯನ್ನು ಕೇಳುವರು. ಕಾಸರಗೋಡಿನ ಸೀಮೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಜನಗಣತಿಯ ಕಾಗದದಲ್ಲಿ ಬಂದರೂ, ಭಾಷಾ ಅಲ್ಪಸಂಖ್ಯಾತರ ಲೆಕ್ಕದಲ್ಲಿ ಬಂದರೂ, ಕನ್ನಡ ಶಾಲೆಯ ಅಳಿವು ಉಳಿವು ಈ ಒಂದು ಅಂಕಣವನ್ನು ಹಿಡಿದುಕೊಂಡು ತೂಗಾಡುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಒಬ್ಬ ಸಜ್ಜನರು ನಮ್ಮನ್ನು ನೇರವಾಗಿಯೇ ಕೇಳಿದರು: “ನಿಮ್ಮ ಮನೆಮಾತು ತುಳು. ಹಾಗಿರುವಾಗ ಕನ್ನಡ ಶಾಲೆಗಾಗಿ ಇಷ್ಟೊಂದು ಹಟವೇಕೆ?” ಕೇಳಿದವರಲ್ಲಿ ದುರುದ್ದೇಶವಿರಲಿಲ್ಲ. ಆದರೆ ನಮಗೆ ಆಗ ಉತ್ತರ ಹೊಳೆಯಲಿಲ್ಲ. ಏನೋ ತೊದಲಿ ಕುಳಿತುಬಿಟ್ಟೆವು. ಮನೆಗೆ ಬಂದ ಮೇಲೆ, ನಮ್ಮ ವಿಚಾರವನ್ನು ತಿದ್ದಿದವರು ಯಾರು ಯಾರು ಎಂದು ಲೆಕ್ಕ ಹಾಕತೊಡಗಿದೆವು. ನಾಲ್ಕು ಹೆಸರುಗಳು ಮುಂದೆ ಬಂದು ನಿಂತುವು. ಅವನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ಕಂಡ ಸಂಗತಿಯು ನಮ್ಮನ್ನು ಬೆಚ್ಚಿಬೀಳಿಸಿತು. ಆ ನಾಲ್ವರಲ್ಲಿ ಒಬ್ಬರಿಗೂ ಕನ್ನಡವು ಮನೆಮಾತಾಗಿರಲಿಲ್ಲ.

ಕಾಲಕ್ರಮದಲ್ಲಿ ಮೊದಲಿಗರು ಫೆರ್ಡಿನಾಂಡ್ ಕಿಟ್ಟೆಲ್ ಅವರು. 1832ರಲ್ಲಿ ಜರ್ಮನಿಯಲ್ಲಿ ಜನಿಸಿ, 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಇಲ್ಲಿಗೆ ಬಂದವರು. ಮತಪ್ರಚಾರಕ್ಕೆಂದು ಬಂದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅಚ್ಚುಹಾಕಿಸಿದ ಕೈಗಳು ಬರಿಯ ಪಾದ್ರಿಯ ಕೈಗಳಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕಿದ ಪುಟಗಳು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. 1903ರಲ್ಲಿ ಅದೇ ಊರಿನಲ್ಲಿ ಅವರು ತೀರಿಕೊಂಡರು.

ಆ ನಿಘಂಟಿನ ಪರಿಚಯ ನಮಗಾದುದು ಅಧ್ಯಾಪಕ ತರಬೇತಿಯ ದಿನಗಳಲ್ಲಿ. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಸಂಪುಟಗಳಲ್ಲಿ ಒಂದು ಕೈಗೆ ಬಂದಿತ್ತು. ಕನ್ನಡ ಶಬ್ದದ ಬದಿಯಲ್ಲಿಯೇ ತಮಿಳು, ಮಲೆಯಾಳ, ತುಳು, ತೆಲುಗುಗಳ ಸೋದರ ಶಬ್ದಗಳನ್ನೂ ಕೊಟ್ಟಿರುವುದನ್ನು ಕಂಡು ಮೊದಲು ಬೆರಗಾಯಿತು, ಬಳಿಕ ನಾಚಿಕೆಯಾಯಿತು. ನಾಚಿಕೆಗೆ ಕಾರಣವಿದೆ. ನಾವು ಕಲಿತ ಕಾಲದಲ್ಲಿ ತರಗತಿಯೊಳಗೆ ತುಳು ಮಾತಾಡಿದವರಿಗೆ ದಂಡವಿತ್ತು. ಒಂದೆರಡು ಸಲ ನಾವೂ ದಂಡ ತೆತ್ತಿದ್ದೇವೆ. ಮುಂದೆ ಅಧ್ಯಾಪಕರಾದ ಮೊದಲ ವರ್ಷ ಅದೇ ದಂಡವನ್ನು ನಮ್ಮ ಮಕ್ಕಳ ಮೇಲೆ ಹಾಕಿದೆವು. ಹಾಕುವಾಗ ಏನೂ ಅನಿಸಿರಲಿಲ್ಲ. ಕನ್ನಡದ ಸೇವೆಯೆಂದೇ ತಿಳಿದಿದ್ದೆವು! ಎಲ್ಲಿಂದಲೋ ಬಂದ ಜರ್ಮನ್ ಪಾದ್ರಿಯೊಬ್ಬರು ತುಳುವಿನ ಶಬ್ದವನ್ನು ಕನ್ನಡದ ಬದಿಯಲ್ಲಿ ಮರ್ಯಾದೆಯಿಂದ ಕುಳ್ಳಿರಿಸಿರುವಾಗ, ತುಳುವರೇ ಆದ ನಾವು ಅದನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೆವು.

ಆ ನಿಘಂಟಿನ ನೆನಪು ಮತ್ತೊಮ್ಮೆ ಎದ್ದುಬಂದ ದಿನ ದಂಡವನ್ನು ನಿಲ್ಲಿಸಿದೆವು. ಅದರ ಬದಲು ಕರಿಹಲಗೆಯ ಮೇಲೆ ಮೂರು ಮನೆ ಮಾಡಿ ಬರೆಯತೊಡಗಿದೆವು. ಕನ್ನಡದ ಹುಲಿ, ತುಳುವಿನ ಪಿಲಿ, ಮಲೆಯಾಳದ ಪುಲಿ. ಕನ್ನಡದ ಹೂ, ತುಳುವಿನ ಪೂ, ಮಲೆಯಾಳದ ಪೂವು. ಹಕಾರವು ಮೊದಲು ಪಕಾರವಾಗಿತ್ತೆಂಬುದನ್ನು ತರಬೇತಿಯಲ್ಲಿ ನಾವು ಬಾಯಿಪಾಠ ಮಾಡಿದ್ದೆವು. ಮೂರನೆಯ ತರಗತಿಯ ಮಕ್ಕಳು ಅದನ್ನು ಹತ್ತು ನಿಮಿಷಗಳಲ್ಲಿ ತಾವೇ ಕಂಡುಹಿಡಿದರು.

ಪ್ರಸಂಗ ಬಂದುದರಿಂದ ಒಂದು ಮಾತು. ಕಿಟ್ಟೆಲರಿಗಿಂತ ಮುಂಚೆ ಮಂಗಳೂರಿನಲ್ಲಿದ್ದ ಹೆರ್ಮನ್ ಮೋಗ್ಲಿಂಗರು 1843ನೆಯ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಕನ್ನಡದ ಮೊದಲ ಪತ್ರಿಕೆಯು ಕೈಬರಹದಿಂದಲೇ ಅಚ್ಚಾದುದೆಂಬುದನ್ನು, ನಮ್ಮ ಈ ಸೈಕ್ಲೋಸ್ಟೈಲ್ ಪುಟಗಳ ಮಸಿ ಕೈಗೆ ಹತ್ತಿತೆಂದು ಗೊಣಗುವ ಸದಸ್ಯರು ದಯವಿಟ್ಟು ನೆನೆಯಬೇಕು.

ಎರಡನೆಯವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ಮನೆಮಾತು ಕೊಂಕಣಿ. ಕನ್ನಡ ಪಂಡಿತರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯಲ್ಲಿ ಹೆಡ್‌ಮಾಸ್ಟರರಾಗಿ ದುಡಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, 1937ರಲ್ಲಿ ಹೈದರಾಬಾದಿನಲ್ಲಿ ದಿವಂಗತರಾದರು. ‘ಕವಿಶಿಷ್ಯ’ನೆಂದು ಹೆಸರಿಟ್ಟುಕೊಂಡು ಬರೆದ ಈ ಮಹನೀಯರ ‘ನಾಗರಹಾವೆ’ ಪದ್ಯವನ್ನು ಕಲಿಯದೆ ಕನ್ನಡ ಶಾಲೆಯನ್ನು ದಾಟಿದವರು ವಿರಳ. ಅದನ್ನು ಕುರಿತು ಹೊಸದಾಗಿ ಹೇಳತಕ್ಕದ್ದೇನೂ ಇಲ್ಲ.

ನಮ್ಮನ್ನು ಹಿಡಿದು ನಿಲ್ಲಿಸಿದುದು ಅವರ ‘ಕೋಟಿ ಚೆನ್ನಯ’. ತುಳುವಿನ ಪಾಡ್ದನದಲ್ಲಿ ಗದ್ದೆಯ ಬದುವಿನಿಂದ ಬದುವಿಗೆ ಹರಿದು ಬಂದ ಅವಳಿ ವೀರರ ಕಥೆಯನ್ನು ಪಂಜೆಯವರು ಕನ್ನಡದ ಗದ್ಯಕ್ಕೆ ತಂದರು. ನಮ್ಮ ಅಜ್ಜಿ ನೇಜಿ ನೆಡುವಾಗ ಹಾಡುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಕೇಳಿದ್ದೆವು. ಅದು ಪುಸ್ತಕದಲ್ಲಿ ಬರಬಹುದಾದ ಸಂಗತಿಯೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಪುಸ್ತಕವೆಂದರೆ ಬೇರೆ ಕಡೆಯ ದೊಡ್ಡವರ ಸುದ್ದಿ ಎಂಬ ಭಾವನೆ ಬಡವರ ಮಕ್ಕಳಲ್ಲಿ ಹೇಗೋ ಬೇರೂರಿಬಿಡುತ್ತದೆ. ಆ ಪುಸ್ತಕವನ್ನು ಓದಿದ ದಿನ ಅದು ಕಿತ್ತುಹೋಯಿತು. ಕೊಂಕಣಿ ಮನೆಯ ಒಬ್ಬ ಮೇಷ್ಟ್ರು, ತುಳುವರ ಹಾಡನ್ನು, ಕನ್ನಡದಲ್ಲಿ ಬರೆದಿದ್ದರು. ಮೂರು ಭಾಷೆಗಳಲ್ಲಿ ಯಾವುದಕ್ಕೂ ಅದರಿಂದ ನಷ್ಟವಾದಂತೆ ನಮಗೆ ಕಾಣಲಿಲ್ಲ.

ಪಂಜೆಯವರು ಮಂಗಳೂರಿನಲ್ಲಿ ಪಾಠ ಹೇಳಿದ ಶಿಷ್ಯರಲ್ಲಿ ಒಬ್ಬರು ಮಂಜೇಶ್ವರದ ಗೋವಿಂದ ಪೈಗಳು. ನಮ್ಮ ಮೂರನೆಯ ಗುರುಗಳು ಇವರು. ಇವರಲ್ಲಿ ನಮಗಿರುವ ಋಣ ಎಲ್ಲಕ್ಕಿಂತ ದೊಡ್ಡದು. 1883ನೆಯ ಮಾರ್ಚ್ 23ರಂದು ಜನಿಸಿದ ಇವರ ಮನೆಮಾತೂ ಕೊಂಕಣಿಯೇ. ಮದರಾಸಿನಲ್ಲಿ ಬಿ.ಎ. ಓದುತ್ತಿರುವಾಗ ಮನೆಯ ಹೊಣೆ ಮೈಮೇಲೆ ಬಂದು ಪದವಿಯನ್ನು ಪೂರೈಸದೆ ಮರಳಿದರು. ಆ ಬಳಿಕ ಮಂಜೇಶ್ವರದ ಮನೆಯಲ್ಲಿ ಕುಳಿತೇ ಗ್ರೀಕ್, ಪಾಲಿ, ಬಂಗಾಳಿ ಮೊದಲಾಗಿ ಅನೇಕ ಭಾಷೆಗಳನ್ನು ಕಲಿತರು. 1911ರ ಸುಮಾರಿಗೆ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಕವಿತೆ ಬರೆದಾಗ ಪಂಡಿತವರ್ಗದಲ್ಲಿ ದೊಡ್ಡ ಗದ್ದಲವೆದ್ದಿತು. ಸಾವಿರ ವರ್ಷಗಳ ಕಟ್ಟಳೆಯನ್ನು ಮೂವತ್ತು ತುಂಬದ ಹುಡುಗನೊಬ್ಬ ಮುರಿಯುವುದೆಂದರೇನು? ಮುರಿದರು, ಕನ್ನಡದ ಕವಿತೆ ಮುಂದಕ್ಕೆ ಆ ದಾರಿಯಲ್ಲಿಯೇ ನಡೆಯಿತು. ‘ಗಿಳಿವಿಂಡು’ 1930ರಲ್ಲಿ ಬಂದಿತು. ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ವನ್ನೂ, ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ಯನ್ನೂ ಬರೆದ ಇವರು ವೈಷ್ಣವ ಮನೆತನದಲ್ಲಿ ಬೆಳೆದವರೆಂಬುದನ್ನು ಮರೆಯಬಾರದು. ಏಕಲವ್ಯನನ್ನು ಕುರಿತ ‘ಹೆಬ್ಬೆರಳು’ ನಾಟಕವಂತೂ ಅಧ್ಯಾಪಕರೆಲ್ಲರೂ ವರ್ಷಕ್ಕೊಮ್ಮೆ ಓದತಕ್ಕದ್ದು. ಶಿಷ್ಯನಿಂದ ಗುರುವು ಏನನ್ನು ಕಸಿದುಕೊಳ್ಳಬಲ್ಲನೆಂಬ ಭಯವು ನಮಗೆ ಆಗಾಗ ಆಗುವುದು ಒಳ್ಳೆಯದು.

ಆದರೆ ನಮ್ಮನ್ನು ತಿದ್ದಿದುದು ಪೈಗಳ ಕಾವ್ಯಕ್ಕಿಂತಲೂ ಅವರ ಇತಿಹಾಸ ಸಂಶೋಧನೆ. ಅದರ ಹಿನ್ನೆಲೆಯನ್ನು ಹೇಳಬೇಕು. ಒಮ್ಮೆ ನಾಲ್ಕನೆಯ ತರಗತಿಯಲ್ಲಿ ಊರ ಇತಿಹಾಸವನ್ನು ಹೇಳುತ್ತಾ, ಕುಂಬಳೆಯ ಗೋಪಾಲಕೃಷ್ಣನನ್ನು ಕಣ್ವ ಮುನಿಗಳು ಪ್ರತಿಷ್ಠಿಸಿದರೆಂಬ ಸ್ಥಳಪುರಾಣವನ್ನು ಕುಂಬಳೆಯ ಅರಸರ ಸಂಗತಿಯ ನಡುವೆ ಸೇರಿಸಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಅದು ಯಾವ ಇಸವಿ ಮಾಸ್ಟ್ರೇ?” ಎಂದಳು. ಅವಳು ಕುಚೋದ್ಯಕ್ಕೆ ಕೇಳಿದವಳಲ್ಲ. ಉಳಿದ ಸಂಗತಿಗಳಿಗೆಲ್ಲ ಇಸವಿ ಬರೆಸಿದ್ದೆವಾದುದರಿಂದ ಇದಕ್ಕೂ ಬರೆದುಕೊಳ್ಳಲು ಕೇಳಿದ್ದಳು. ನಾವು “ಬಹಳ ಹಿಂದೆ” ಎಂದು ಹೇಳಿ ಮುಂದಕ್ಕೆ ಹೋದೆವು. ಹೋದೆವೆಂಬುದು ಹೆಸರಿಗೆ ಮಾತ್ರ. ಮನಸ್ಸು ಅಲ್ಲಿಯೇ ನಿಂತಿತ್ತು.

ಆ ವಾರದಲ್ಲಿಯೇ ಪೈಗಳ ಸಂಶೋಧನ ಲೇಖನಗಳನ್ನು ಹುಡುಕಿ ಓದಿದೆವು. ಒಬ್ಬ ಕವಿಯ ಅಥವಾ ಅರಸನ ಕಾಲವನ್ನು ನಿರ್ಣಯಿಸಲು ಅವರು ಪಡುವ ಶ್ರಮವನ್ನು ಕಂಡರೆ ತಲೆ ತಿರುಗುತ್ತದೆ. ಶಾಸನದ ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲವನ್ನೂ ತೂಗಿ ನೋಡುವರು. ಒಂದು ಹೊಂದದಿದ್ದರೆ ಹೊಂದದೆಂದು ಬರೆಯುವರು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ಅರಸನ ಕಡೆಯವರು ಆಡುವ, ಗ್ರೀಕರಿಗೆ ತಿಳಿಯದ ಮಾತುಗಳಿವೆ. ಅವು ಕನ್ನಡವೆಂಬ ವಾದಕ್ಕೆ ಪೈಗಳೂ ಬಹಳ ದುಡಿದರು. ಅದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನಮಗೂ ಅಭಿಮಾನದ ಎಳೆತ ಅಲ್ಲಿ ತುಸು ಹೆಚ್ಚಾಯಿತೋ ಎನಿಸುವುದುಂಟು. ಆದರೂ ವಾದವನ್ನು ಒಪ್ಪದವನಿಗೂ ಅಲ್ಲಗಳೆಯಲು ಬೇಕಾದ ಸಾಮಗ್ರಿಯೆಲ್ಲ ಅವರ ಬರಹದಲ್ಲಿಯೇ ದೊರೆಯುತ್ತದೆ. ಪ್ರಾಮಾಣಿಕತೆಯೆಂದರೆ ಅದು.

ಮುಂದಿನ ಸೋಮವಾರ ಅದೇ ತರಗತಿಯಲ್ಲಿ ನಿಂತು, “ಹೋದ ವಾರ ಹೇಳಿದ್ದರಲ್ಲಿ ಒಂದು ಭಾಗ ಪುರಾಣ, ಇನ್ನೊಂದು ಭಾಗ ಇತಿಹಾಸ. ಎರಡನ್ನೂ ಬೆರೆಸಿದ್ದು ನಮ್ಮ ತಪ್ಪು” ಎಂದು ಹೇಳಿದೆವು. ದೊಡ್ಡವರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ದೇವರ ಕಥೆಯನ್ನು ಮೇಷ್ಟ್ರು ಸುಳ್ಳೆಂದರಂತೆ ಎಂದು ಮಾತು ಹರಡಿತು. ಸುಳ್ಳೆಂದಿರಲಿಲ್ಲ, ಪುರಾಣವೆಂದಿದ್ದೆವು. ಮನೆಗಳಿಗೆ ಹೋಗಿ ವಿವರಿಸಲು ಎರಡು ಆದಿತ್ಯವಾರಗಳು ಬೇಕಾದುವು.

ಪೈಗಳಿಗೆ ಮದರಾಸು ಸರಕಾರವು 1949ರಲ್ಲಿ ರಾಷ್ಟ್ರಕವಿ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ತಾಲೂಕು 1956ನೆಯ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1963ನೆಯ ಸೆಪ್ಟೆಂಬರ್ 6ರಂದು ಪೈಗಳು ತೀರಿಕೊಂಡರು. ಕನ್ನಡದ ಮೊದಲ ರಾಷ್ಟ್ರಕವಿಯು ಹೀಗೆ ಕೇರಳ ರಾಜ್ಯದ ಪ್ರಜೆಯಾಗಿ ಕಣ್ಣುಮುಚ್ಚಿದರು. ಅವರು ಎಲ್ಲಿಗೂ ಹೋಗಿರಲಿಲ್ಲ. ಗಡಿಯೇ ಅವರ ಮನೆಯನ್ನು ದಾಟಿ ಬಡಗಕ್ಕೆ ಹೋಗಿತ್ತು.

ನಾಲ್ಕನೆಯವರು ಕಯ್ಯಾರ ಕಿಞ್ಞಣ್ಣ ರೈಗಳು. 1915ರ ಜೂನ್ 8ರಂದು ಹುಟ್ಟಿ, ನೂರು ವರ್ಷ ತುಂಬಿದ ಮೇಲೆ 2015ರ ಆಗಸ್ಟ್ 9ರಂದು ಗತಿಸಿದರು. ಮನೆಮಾತು ನಮ್ಮದೇ ತುಳು. ಈ ನಾಲ್ವರಲ್ಲಿ ನಾವು ಕಣ್ಣಾರೆ ಕಂಡವರು ಇವರೊಬ್ಬರೇ. ಅದೂ ಒಮ್ಮೆ, ದೂರದಿಂದ, ಸಭೆಯ ಹಿಂದಿನ ಸಾಲಿನಲ್ಲಿ ನಿಂತು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿದ್ದರು. 1969ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದರು. ಬದಿಯಡ್ಕ ಪಂಚಾಯತಿಗೆ ಅಧ್ಯಕ್ಷರಾಗಿದ್ದರು. ಗೋವಿಂದ ಪೈಗಳ ಚರಿತ್ರೆಯನ್ನು ಬರೆದವರೂ ಇವರೇ. 1956ರಲ್ಲಿ ‘ಬೆಂಕಿ ಬಿದ್ದಿದೆ ಮನೆಗೆ’ ಎಂದು ಕೂಗಿದ ಕವಿಯನ್ನೇ ಜನ ಹೆಚ್ಚು ನೆನೆಯುತ್ತಾರೆ. ಅದು ಸಹಜ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ-ಪಯಸ್ವಿನಿ ಹೊಳೆಗಳ ಬಡಗಣ ಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ವರದಿಯಿತ್ತಾಗ ಅವರು ಪಟ್ಟ ಸಂತೋಷವೂ, ಅದು ಜಾರಿಗೆ ಬರದೆ ಹೋದಾಗ ಪಟ್ಟ ವ್ಯಥೆಯೂ ಈ ಸೀಮೆಯವರಿಗೆಲ್ಲ ತಿಳಿದದ್ದೇ.

ನಮ್ಮನ್ನು ಹೆಚ್ಚಾಗಿ ಸೆಳೆದುದು ಇನ್ನೊಂದು ಕಯ್ಯಾರರು. ಮನೆಗೆ ಬೆಂಕಿ ಬಿದ್ದಿತೆಂದು ಕೂಗಿದವರು ಕೂಗಿ ಸುಮ್ಮನಾಗಲಿಲ್ಲ. ಮಕ್ಕಳಿಗಾಗಿ ‘ನವೋದಯ ವಾಚನಮಾಲೆ’ಯ ಎಂಟು ಪುಸ್ತಕಗಳನ್ನು ಬರೆದರು, ವ್ಯಾಕರಣ, ಪ್ರಬಂಧಗಳ ಪುಸ್ತಕವನ್ನೂ ಬರೆದರು. ಕವಿಗಳಾದವರು ವಾಚನ ಪುಸ್ತಕ ಬರೆಯುವುದನ್ನು ಕೆಳಗಿನ ಕೆಲಸವೆಂದು ತಿಳಿಯುವುದುಂಟು. ಸರಕಾರವು ಬದಲಾದರೂ ನಾಳೆ ಬೆಳಗ್ಗೆ ಹತ್ತು ಗಂಟೆಗೆ ತರಗತಿ ನಡೆಯಲೇಬೇಕು, ಮಕ್ಕಳ ಕೈಯಲ್ಲಿ ಪುಸ್ತಕವಿರಲೇಬೇಕು ಎಂಬುದನ್ನು ಬಲ್ಲವನು ಅಧ್ಯಾಪಕನೊಬ್ಬನೇ. ಇದರೊಂದಿಗೆ ತುಳುವಿನಲ್ಲಿಯೂ ಬರೆದರು. ‘ಎನ್ನಪ್ಪೆ ತುಳುವಪ್ಪೆ’ ಎಂದು ಅವರ ತುಳು ಕವಿತೆಗಳ ಸಂಗ್ರಹಕ್ಕೆ ಹೆಸರು. 1997ರಲ್ಲಿ ಮಂಗಳೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ತುಳುವನ್ನು ಹೆತ್ತತಾಯಿಯೆಂದು ಕರೆಯಲು ಅಂಜಲಿಲ್ಲ. ಕನ್ನಡಿಗರು ಯಾರೂ ಅದಕ್ಕಾಗಿ ಅವರನ್ನು ಕಡಿಮೆ ಕನ್ನಡಿಗರೆನ್ನಲೂ ಇಲ್ಲ.

ಆ ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಸಜ್ಜನರು ಹೋದ ವರ್ಷ ಬಸ್ ನಿಲ್ದಾಣದಲ್ಲಿ ಮತ್ತೆ ಸಿಕ್ಕಿದರು. ಈ ನಾಲ್ಕು ಹೆಸರುಗಳನ್ನು ಅವರಿಗೆ ಹೇಳಿದೆವು. “ಅವರೆಲ್ಲ ದೊಡ್ಡವರು, ಬೇಕಾದ್ದನ್ನು ಆರಿಸಿಕೊಂಡರು” ಎಂದರು. ಹೌದು, ಆರಿಸಿಕೊಂಡರು. ಆರಿಸಿಕೊಳ್ಳುವ ಹಕ್ಕು ಸಣ್ಣವರಿಗೂ ಇದೆಯೆಂದು ನಾವು ಹೇಳಹೊರಟಾಗ ಅವರ ಬಸ್ಸು ಬಂದಿತು.

ಈ ಜೂನಿನಲ್ಲಿಯೂ ಒಬ್ಬ ತಂದೆ ಅದೇ ಪ್ರಶ್ನೆ ಕೇಳಿದ. ಜೊತೆಗಿದ್ದ ಹುಡುಗಿಯು ಅವನ ಪಂಚೆಯ ಅಂಚನ್ನು ಹಿಡಿದು ನಿಂತಿದ್ದಳು. ‘ಮಾತೃಭಾಷೆ’ ಎಂಬ ಅಂಕಣದಲ್ಲಿ ‘ತುಳು’ ಎಂದು ಬರೆದೆವು. ಅದರ ಕೆಳಗೆ ‘ಕಲಿಯುವ ಮಾಧ್ಯಮ’ ಎಂದಿರುವಲ್ಲಿ ‘ಕನ್ನಡ’ ಎಂದು ಬರೆದು, ಅವನಿಗೆ ಓದಿ ಹೇಳಿ, ರುಜು ಹಾಕಿಸಿಕೊಂಡೆವು. ಹುಡುಗಿಗೆ ಹುಲಿಯ ಚಿತ್ರವೊಂದನ್ನು ತೋರಿಸಿ ಇದೇನೆಂದು ಕೇಳಿದೆವು. “ಪಿಲಿ” ಎಂದಳು.