ಗೆಟ್ಸ್, ಎಫ್‌ಗೆಟ್ಸ್: ಕೈಪಿಡಿ ಹೇಳದೇ ಬಿಟ್ಟ ಮಾತು

ಸಿ ಭಾಷೆಯಲ್ಲಿ ಗೆಟ್ಸ್, ಎಫ್‌ಗೆಟ್ಸ್ ಅಂತ ಎರಡು ಫಂಕ್ಷನ್‌ಗಳು. ಹೆಸರು ಕೇಳಿದ್ರೆ ಅಣ್ಣ-ತಮ್ಮ ಅನ್ನಿಸುತ್ತೆ. ಎರಡೂ ಒಂದು ಸಾಲು ಓದಿ ಕೊಡ್ತವೆ. ಗೆಟ್ಸ್ ಓದೋದು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಮಾತ್ರ. ಎಫ್‌ಗೆಟ್ಸ್‌ಗೆ ಯಾವ ಫೈಲ್ ಆದ್ರೂ ಸರಿ. ವ್ಯತ್ಯಾಸ ಇಷ್ಟೇ ಆಗಿದ್ರೆ ನಾನು ಇದನ್ನ ಬರೀತಾನೇ ಇರಲಿಲ್ಲ.

1979ರಲ್ಲಿ ಬೆಲ್ ಲ್ಯಾಬ್ಸ್ ಹೊರತಂದ ಯುನಿಕ್ಸ್ ಏಳನೇ ಆವೃತ್ತಿಯ ಕೈಪಿಡಿಯಲ್ಲಿ ಇವೆರಡಕ್ಕೂ ಸೇರಿ ಒಂದೇ ಪುಟ. ಕೊನೆಗೆ 'ಬಗ್ಸ್' ಅನ್ನೋ ತಲೆಬರಹ. ಅದರಡಿ ಇರೋದು ಇಷ್ಟು: ಗೆಟ್ಸ್ ಸಾಲಿನ ಕೊನೆಯ ನ್ಯೂಲೈನ್ ತೆಗೆದುಹಾಕುತ್ತೆ, ಎಫ್‌ಗೆಟ್ಸ್ ಉಳಿಸಿಕೊಳ್ಳುತ್ತೆ, ಹಳೇ ಪ್ರೋಗ್ರಾಮ್‌ಗಳು ಕೆಡದಿರಲಿ ಅಂತ ಹೀಗೆ. ಅಸಲಿ ಅಪಾಯದ ಮಾತೇ ಅಲ್ಲಿಲ್ಲ. ಎಫ್‌ಗೆಟ್ಸ್‌ಗೆ 'ಇಷ್ಟೇ ಅಕ್ಷರ ಓದು' ಅಂತ ಮಿತಿ ಹೇಳಬಹುದು. ಗೆಟ್ಸ್‌ಗೆ ಹೇಳೋಕೆ ದಾರಿಯೇ ಇಲ್ಲ. ಜಾಗ ಮುಗಿದ ಮೇಲೂ ಅದು ಪಕ್ಕದ ಮೆಮೊರಿಗೆ ಬರೀತಾನೇ ಹೋಗುತ್ತೆ.

1988ರ ನವೆಂಬರ್ 2ರಂದು ಇದರ ಬಿಸಿ ಮುಟ್ಟಿತು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ವರ್ಮ್ ಹರಡಿದ ದಾರಿಗಳಲ್ಲಿ ಒಂದು, ಫಿಂಗರ್ ಅನ್ನೋ ಸೇವೆಯ ಪ್ರೋಗ್ರಾಮ್. ಅದು ಗೆಟ್ಸ್ ಬಳಸ್ತಿತ್ತು. ಜಾಗ ಇದ್ದದ್ದು 512 ಬೈಟ್‌ಗೆ, ವರ್ಮ್ ಕಳಿಸಿದ್ದು 536. ಆಗಿನ ಅಂದಾಜಿನಂತೆ ಸುಮಾರು 6,000 ಕಂಪ್ಯೂಟರ್‌ಗಳು ತತ್ತರಿಸಿದವು. ವಿಚಿತ್ರ ನೋಡಿ: ಈ ಹುಡುಗನ ತಂದೆ, ಅವರ ಹೆಸರೂ ರಾಬರ್ಟ್ ಮಾರಿಸ್, ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಭದ್ರತೆಗೇ ದುಡಿದವರು.

ಅಷ್ಟಾದ್ರೂ 1989ರ ಸಿ ಮಾನದಂಡದಲ್ಲಿ ಗೆಟ್ಸ್ ಉಳಿಯಿತು. ಅದಕ್ಕೆ ಗೇಟ್‌ಪಾಸ್ ಸಿಕ್ಕಿದ್ದು 2011ರ ಮಾನದಂಡದಲ್ಲಿ, ವರ್ಮ್ ಬಂದು 23 ವರ್ಷ ಕಳೆದ ಮೇಲೆ. ಈಗಿನ ಲಿನಕ್ಸ್ ಕೈಪಿಡಿಯಂತೂ ಗೆಟ್ಸ್ ಮುಟ್ಟಲೇಬೇಡಿ ಅಂತ ನೇರವಾಗಿ ಹೇಳುತ್ತೆ.

1979ರ ಆ ಪುಟ ಬರೆದವರು ಸುಳ್ಳು ಹೇಳಿರಲಿಲ್ಲ. ತಮ್ಮನ್ನ ಕಾಡಿದ್ದನ್ನ ಬರೆದ್ರು, ಓದೋರನ್ನ ಕಾಡಬಹುದಾದದ್ದು ಬಿಟ್ಟುಹೋಯ್ತು. ನಮ್ಮ ಟೀಮ್‌ಗಳಲ್ಲೂ ಒಂದೇ ಥರದ ಹೆಸರಿನ ಫಂಕ್ಷನ್‌ಗಳಿಗೆ ಬರಗಾಲವಿಲ್ಲ. ಅವು ಏನು ಮಾಡ್ತವೆ ಅನ್ನೋದರ ಜೊತೆ, ಯಾವುದನ್ನ ಯಾವಾಗ ಬಳಸಬಾರದು ಅಂತಲೂ ಒಂದು ಸಾಲು ಸೇರಿಸಿಬಿಡಿ. ಮುಂದೆ ಆ ಕೋಡ್ ಓದೋರಿಗೆ ಬೇಕಾಗೋದು ಆ ಸಾಲೇ.